ಒಂಬತ್ತು ಮಾಲೆಯ ಬೆಂಕಿ

ಅವರೆಕಾಯಿ ಕೊಳ್ಳುವುದಕ್ಕೆ ಕಣ್ಣು ಬೇಡ, ಮೂಗು ಸಾಕು. ಮೊನ್ನೆ ದೇವರಾಜ ಮಾರುಕಟ್ಟೆಯಲ್ಲಿ ಗೋಣಿಚೀಲದ ಮೇಲೆ ಸುರಿದಿದ್ದ ರಾಶಿಯಿಂದ ಒಂದು ಕಾಯಿ ಎತ್ತಿ ಮೂಗಿಗೆ ಹಿಡಿದೆ. ಇಬ್ಬನಿ ಕುಡಿದು ಬಲಿತ ಸೊಗಡು. ಬೆರಳಿಗೆ ಜಿಡ್ಡು ಅಂಟಿತು. ಮಾರುವವಳು, “ಎಷ್ಟು ಹಾಕ್ಲಿ ಅಜ್ಜಿ?” ಅಂದಳು. ನಾನು ಕಾಯಿಯನ್ನು ಮೂಗಿನಿಂದ ಇಳಿಸಲಿಲ್ಲ. “ಅಜ್ಜಿ ನಿಂತಲ್ಲೇ ನಿದ್ದೆ ಮಾಡ್ಬುಟ್ರು ಕಣೇ” ಎಂದು ಅವಳು ಪಕ್ಕದವಳಿಗೆ ಹೇಳಿದ್ದು ಕೇಳಿಸಿತು. ನಿದ್ದೆಯಲ್ಲ. ನಾನಾಗಲೇ ಒಂಟಿಕೊಪ್ಪಲಿನ ಒಂದು ಹೆಂಚಿನ ಷೆಡ್ಡಿನ ಬಾಗಿಲಲ್ಲಿದ್ದೆ, ನನಗೆ ಹತ್ತೊಂಬತ್ತು ವಯಸ್ಸಾಗಿತ್ತು, ಒಳಗೆ ಆವಿ ತುಂಬಿಕೊಂಡಿತ್ತು.

ಅದು ಐವತ್ತರ ದಶಕದ ನಡುವಿನ ಒಂದು ಚಳಿಗಾಲ. ಹೆಂಗಸರ ಒಂದು ಸಂಘ ಆ ಷೆಡ್ಡಿನಲ್ಲಿ ಹಣ್ಣು ತರಕಾರಿಗಳನ್ನು ತಗಡಿನ ಡಬ್ಬಿಗೆ ತುಂಬಿ ಕೆಡದಂತೆ ಇಡುವ ಕೆಲಸ ನಡೆಸುತ್ತಿತ್ತು. ಮಾವು, ಅನಾನಸು ಆಗಿ, ಆ ವರ್ಷ ಹಿತಕಿದ ಅವರೆಬೇಳೆಗೆ ಕೈ ಹಾಕಿದ್ದರು. ಬೇಸಿಗೆಯಲ್ಲೂ ಮೈಸೂರಿನವರು ಬೇಳೆಸಾರು ಉಣ್ಣಲಿ ಎಂದು ಆಸೆ. ಬೆಳಿಗ್ಗೆ ಏಳಕ್ಕೆಲ್ಲ ಮಂಜಿನೊಳಗಿಂದ ಹೆಂಗಸರು ಒಬ್ಬೊಬ್ಬರಾಗಿ ಮೂಡಿ ಬರುತ್ತಿದ್ದರು. ಮೊದಲು ಕೆಮ್ಮು, ಆಮೇಲೆ ಬಳೆ ಸದ್ದು, ಕೊನೆಗೆ ಮುಖ. ಸಾಲಾಗಿ ಕೂತು ನೆನೆದ ಕಾಳನ್ನು ಹೆಬ್ಬೆರಳಲ್ಲಿ ಹಿತುಕುತ್ತಿದ್ದರೆ ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬೀಳುತ್ತಿತ್ತು. ನನಗೆ ಆ ಸದ್ದು ಈಗಲೂ ಕನಸಿನಲ್ಲಿ ಬರುತ್ತದೆ.

ನಾನು ಇಂಟರ್‌ಮೀಡಿಯೆಟ್‌ನಲ್ಲಿ ವಿಜ್ಞಾನ ಓದಿದವಳು. ಹಾಗಂತ ಜಂಬ ಬೇರೆ. ನನ್ನ ಕೆಲಸ ಗಡಿಯಾರ ನೋಡಿ ಲೆಕ್ಕದ ಪುಸ್ತಕದಲ್ಲಿ ಬರೆಯುವುದು: ಕೊಪ್ಪರಿಗೆಯ ಮುಳ್ಳು ಎಷ್ಟು ಹೊತ್ತಿಗೆ ಏರಿತು, ಒಲೆಯಿಂದ ಬೆಂಕಿ ಎಷ್ಟು ಹೊತ್ತಿಗೆ ಹೊರಗೆಳೆದರು, ಅಷ್ಟೆ. ಕೊಪ್ಪರಿಗೆ ಅಂದರೆ ಹಬ್ಬದಡಿಗೆಯದಲ್ಲ. ಎದೆಮಟ್ಟದ ದಪ್ಪ ಕಬ್ಬಿಣದ ಪಾತ್ರೆ, ಸುತ್ತ ತಿರುಪು ಹಾಕಿ ಬಿಗಿಯುವ ಮುಚ್ಚಳ, ಮೇಲೆ ಒತ್ತಡ ತೋರಿಸುವ ಮುಳ್ಳು. ಅದಕ್ಕೆ ಪುಸ್ತಕದಲ್ಲಿ ಬೇರೆ ಹೆಸರಿತ್ತು. ನಮ್ಮ ಬಾಯಲ್ಲಿ ಕೊಪ್ಪರಿಗೆಯೇ.

ಅದರ ಒಡತಿ ರುದ್ರಮ್ಮ, ಪಕ್ಕದ ಪಡುವಾರಹಳ್ಳಿಯವರು. ಐವತ್ತು ದಾಟಿದ ವಿಧವೆ, ಹಣೆತುಂಬ ವಿಭೂತಿ, ಕೈಯಲ್ಲಿ ನೂರೆಂಟು ಮಣಿಯ ರುದ್ರಾಕ್ಷಿ ಮಾಲೆ. ನಾವೆಲ್ಲ ಅವರನ್ನು ರುದ್ರಕ್ಕ ಅನ್ನುತ್ತಿದ್ದೆವು. ಮುಳ್ಳು ಹನ್ನೆರಡು ಪೌಂಡಿಗೆ ಮುಟ್ಟಿತೋ, ರುದ್ರಕ್ಕ ಒಲೆಯ ಮುಂದೆ ಮಣೆ ಹಾಕಿ ಕೂತು ಜಪ ಶುರುಮಾಡುತ್ತಿದ್ದರು. ಒಂದು ಸುತ್ತು ಮುಗಿದರೆ ಐದು ನಿಮಿಷ. ಒಂಬತ್ತು ಸುತ್ತಿಗೆ ನಲವತ್ತೈದು. ಅವರು “ಒಂಬತ್ತು ಆಯ್ತು, ಬೆಂಕಿ ಎಳೀರಿ” ಅನ್ನುವುದಕ್ಕೂ ನನ್ನ ಗಡಿಯಾರ ನಲವತ್ತೈದು ತೋರಿಸುವುದಕ್ಕೂ ಸರಿಹೋಗುತ್ತಿತ್ತು. ಮೊದಲ ವಾರ ನಾನು ನಕ್ಕೆ. ಎರಡನೆಯ ವಾರ ಬೆರಗಾದೆ. ಮೂರನೆಯ ವಾರಕ್ಕೆ, ಬೆಂಕಿ ಎಳೆಯುವಾಗ ಗಡಿಯಾರ ನೋಡುವುದನ್ನೇ ಬಿಟ್ಟೆ.

ನಮ್ಮ ಮೇಡಂ ಸುಶೀಲಮ್ಮನವರು ಬಿ.ಎಸ್ಸಿ. ಓದಿದವರು, ಬಿಳಿ ಖಾದಿ ಸೀರೆ, ಮಾತು ಮೆದು, ಕಣ್ಣು ಹರಿತ. ಷೆಡ್ಡು ತೆರೆದ ಮೊದಲ ದಿನವೇ ಅವರು ಎಲ್ಲರನ್ನೂ ಕೂರಿಸಿಕೊಂಡು ಹೇಳಿದ್ದರು.

“ಮಾವಿನಹಣ್ಣಿಗೆ ಹುಳಿ ಇದೆ, ಕುದಿಸಿದರೆ ಸಾಕು. ಅವರೆಬೇಳೆಗೆ ಹುಳಿ ಇಲ್ಲ. ಮಣ್ಣಿನಲ್ಲಿ ಒಂದು ಜಾತಿಯ ಜೀವಾಣು ಇರುತ್ತೆ. ಕುದಿಯೋ ನೀರಿಗೆ ಹಾಕಿದರೂ ಅದರ ಬೀಜ ಸಾಯಲ್ಲ. ಗಟ್ಟಿ ಸಿಪ್ಪೆ ಹೊದ್ದು ಮಲಗಿಬಿಡುತ್ತೆ. ಡಬ್ಬಿಯೊಳಗೆ ಗಾಳಿ ಇಲ್ಲದ ಕಡೆ ತಣ್ಣಗಾದ ಮೇಲೆ ಎದ್ದು ವಿಷ ಕಕ್ಕುತ್ತೆ. ಒಂದು ಚಮಚ ತಿಂದರೂ ಮನುಷ್ಯರ ನಾಲಗೆ ಬಿದ್ದುಹೋಗುತ್ತೆ, ಉಸಿರು ನಿಂತುಹೋಗುತ್ತೆ. ಅದನ್ನ ಕೊಲ್ಲೋದಕ್ಕೆ ಒತ್ತಡದ ಆವಿಯೇ ಬೇಕು. ಪುಸ್ತಕದಲ್ಲಿ ಹತ್ತು ಪೌಂಡು ಅಂತಿದೆ. ನಮ್ಮ ಮೈಸೂರು ಎತ್ತರದಲ್ಲಿದೆ, ಅದಕ್ಕೇ ಹನ್ನೆರಡು.”

ಹೆಂಗಸರು ಮುಖ ಮುಖ ನೋಡಿಕೊಂಡರು. ಕುದಿಯುವ ನೀರಿನಲ್ಲಿ ಸಾಯದ್ದು ಯಾವುದಿದ್ದೀತು? ಆಗ ರುದ್ರಕ್ಕ ಅಂದರು: “ನಮ್ಮೂರಾಗೆ ನೆಲದಾಗಿನ ಹಗೇವಿಗೆ ರಾಗಿ ಸುರಿದು ಬಾಯಿಗೆ ಮಣ್ಣು ಬಡೀತಿದ್ರು. ವರ್ಷಗಟ್ಲೆ ಬುಟ್ಟು ತೆಗೆದು ಬಿತ್ತುದ್ರೂ ಪೈರು ಏಳೋದು. ಅಂಗೇ ಅನ್ನಿ ಮೇಡಮ್ಮೋರೆ.”

“ಹಾಗೇ ರುದ್ರಮ್ಮ. ನಾನು ಅಷ್ಟು ಚೆನ್ನಾಗಿ ಹೇಳಲಿಲ್ಲ” ಅಂದರು ಮೇಡಂ.

ರುದ್ರಕ್ಕನಿಗೆ ಆ ಬೆಂಕಿಯ ಮೇಲೆ ಯಾಕಷ್ಟು ನಿಷ್ಠೆ ಎನ್ನುವುದು ನನಗೆ ಆಮೇಲೆ ತಿಳಿಯಿತು. ಅವರ ಒಬ್ಬಳೇ ಮಗಳು ಪಾರ್ವತಿ. ಮೊದಲ ಹೆರಿಗೆ ಊರಿನಲ್ಲಾಗಿತ್ತು. ಹೊಕ್ಕುಳಬಳ್ಳಿಯನ್ನು ಹೊಲದ ಕುಡುಗೋಲಿನಲ್ಲಿ ಕುಯ್ದಿದ್ದರು. ಏಳನೆಯ ದಿನ ಮಗುವಿನ ದವಡೆ ಕಟ್ಟಿಕೊಂಡು, ಮೈ ಬಿಲ್ಲಿನಂತೆ ಬಾಗಿ, ಹೋಗಿಬಿಟ್ಟಿತು. ದೃಷ್ಟಿ ಅಂದರು, ಗಾಳಿ ಅಂದರು. ಮೇಡಂ ಮಾತ್ರ, ಅದೂ ಇದೇ ಮನೆತನದ ಜೀವಾಣು, ಮಣ್ಣಿನಲ್ಲಿ ಮಲಗಿರೋ ಬೀಜ ಕುಡುಗೋಲಿಗೆ ಅಂಟಿ ಬಂದಿರುತ್ತೆ ಎಂದು ಹೇಳಿದ್ದರು. ಅವತ್ತು ರುದ್ರಕ್ಕ, “ಅಂಗಾದ್ರೆ ಬೆಂಕಿಯಾಗೆ ಕಾಯಿಸಿದ್ರೆ ಉಳೀತಿತ್ತು” ಅಂದರಂತೆ. ಆಮೇಲೆ ಅವರು ಕೊಪ್ಪರಿಗೆಯ ಮುಂದಿನ ಮಣೆ ಇನ್ನೊಬ್ಬರಿಗೆ ಬಿಟ್ಟುಕೊಟ್ಟವರಲ್ಲ.

ಈಗ ನನ್ನ ವಿಷಯ. ಮನೆಯಲ್ಲಿ ಅಪ್ಪ ಗಂಡು ಹುಡುಕುತ್ತಿದ್ದರು. ನನಗೋ ಮೈಸೂರಿನದೇ ಒಂದು ಪ್ರಯೋಗಾಲಯದಲ್ಲಿ ಆಹಾರ ಪರೀಕ್ಷೆಯ ಒಂದು ವರ್ಷದ ತರಬೇತಿ ಮಾಡುವ ಆಸೆ. ಸಂಕ್ರಾಂತಿ ಕಳೆದ ಮೇಲೆ ಶುರುವಾಗುವ ತರಬೇತಿ ಅದು. ಮೇಡಂ ಶಿಫಾರಸು ಪತ್ರ ಕೊಟ್ಟರೆ ಸೀಟು ಸಿಗುತ್ತಿತ್ತು. ಸೀಟು ಸಿಕ್ಕರೆ ಅಪ್ಪ ಒಂದು ವರ್ಷ ಗಂಡಿನ ಮಾತೆತ್ತುವುದಿಲ್ಲ ಎಂದು ಒಪ್ಪಿದ್ದರು. “ಈ ಅವರೆ ಕಾಲ ಮುಗಿಯೋವರೆಗೂ ನಿನ್ನ ಪುಸ್ತಕ ಒಂದು ತಪ್ಪಿಲ್ಲದೆ ಇರಲಿ ನೀಲಾ, ಪತ್ರ ನಾನೇ ಬರೆದುಕೊಡ್ತೀನಿ” ಅಂದಿದ್ದರು ಮೇಡಂ. ನಾನು ಆ ಪುಸ್ತಕವನ್ನು ರೇಷ್ಮೆ ಸೀರೆಯಂತೆ ಜೋಪಾನವಾಗಿ ಇಡುತ್ತಿದ್ದೆ, ಅಕ್ಷರ ಮುತ್ತಿನಂತೆ ಬರೆಯುತ್ತಿದ್ದೆ.

ಅವತ್ತು ಬೆಳಿಗ್ಗೆ ಮಂಜು ಹತ್ತು ಗಂಟೆಯಾದರೂ ಸರಿದಿರಲಿಲ್ಲ. ಮೇಡಂ ನನ್ನ ಕೈಗೆ ತರಬೇತಿಯ ಅರ್ಜಿ ಕೊಟ್ಟು ಯಾರನ್ನೋ ನೋಡಲು ಪೇಟೆಗೆ ಹೋದರು. ಅಷ್ಟರಲ್ಲಿ ಪಾರ್ವತಿಗೆ ನೋವು ಶುರುವಾಗಿ ಹೆರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ ಎಂದು ಅಳಿಯನ ಅಕ್ಕ ಬಂದು ಹೇಳಿಹೋದಳು. ಈ ಸಲ ಊರಿನಲ್ಲಿ ಹೆರಿಗೆ ಬೇಡವೆಂದು ಹಟ ಹಿಡಿದು ಮಗಳನ್ನು ಕರೆಸಿಕೊಂಡಿದ್ದೇ ರುದ್ರಕ್ಕ.

“ಹೋಗಿ ರುದ್ರಕ್ಕ, ನಾವು ನೋಡ್ಕೋತೀವಿ” ಅಂದೆ.

“ಒಲೆ ಮ್ಯಾಲೆ ಇಟ್ಟು ಎಂಗವ್ವ ಎದ್ದೋಗ್ಲಿ. ಈ ಕೊಪ್ಪರಿಗೆ ಇಳಿಸಿ ಹೋಯ್ತೀನಿ.”

ಮುಳ್ಳು ಹನ್ನೆರಡಕ್ಕೆ ಬಂತು. ಗಡಿಯಾರ ನೋಡಿ ಹನ್ನೊಂದು ಮೂವತ್ತೈದು ಎಂದು ಬರೆದೆ. ಅದಷ್ಟೇ ನಾನು ಅವತ್ತು ನೋಡಿದ್ದು. ರುದ್ರಕ್ಕ ಮಣೆಯ ಮೇಲೆ ಕೂತರು, ತುಟಿ ಅಲುಗತೊಡಗಿತು. ನಾನು ಕಿಟಕಿಗೆ ಹೋಗಿ ಅರ್ಜಿ ಬಿಡಿಸಿದೆ. ಹೊರಗೆ ಬಿಳಿ ಮಂಜಿನಲ್ಲಿ ಜಟಕಾ ಒಂದು ಕಾಣದೆಯೇ ಸಾಗಿತು, ಕುದುರೆಯ ಗೊರಸಿನ ಸದ್ದು ಮಾತ್ರ. ಒಳಗೆ ಅವರೆಯ ಸೊಗಡು, ಕೆಂಡದ ಬಿಸಿ, ಕೊಪ್ಪರಿಗೆಯ ಸಣ್ಣ ಸುಂಯ್ಯೆನ್ನುವ ಉಸಿರು. ನಾನು ಬಿಳಿ ಕೋಟು ಹಾಕಿಕೊಂಡು ಪ್ರಯೋಗಾಲಯದ ಮೆಟ್ಟಿಲು ಹತ್ತುತ್ತಿದ್ದೆ, ಒಂದೊಂದೇ ಮೆಟ್ಟಿಲು. ಅಂಥ ಸುಖದ ಅರ್ಧ ಗಂಟೆ ನನ್ನ ಬದುಕಿನಲ್ಲಿ ಹೆಚ್ಚು ಬಂದಿಲ್ಲ ಅಂತಲೇ ಹೇಳಬೇಕು.

“ಎಷ್ಟಾಯ್ತು ರುದ್ರಕ್ಕ?” ಅಂದೆ, ತಿರುಗದೆ.

“ಒಂಬತ್ತು ಆಯ್ತವ್ವ. ಎಳೀರಿ ಬೆಂಕೀನ.”

ಹೆಂಗಸರು ಕೆಂಡ ಎಳೆದರು. ರುದ್ರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುತ್ತಲೇ ಹೋದರು. ನಾನು ಮೇಜಿಗೆ ಬಂದು ಹನ್ನೊಂದು ಮೂವತ್ತೈದಕ್ಕೆ ನಲವತ್ತೈದು ಕೂಡಿಸಿ, ಹನ್ನೆರಡು ಇಪ್ಪತ್ತು ಎಂದು ಮುದ್ದಾಗಿ ಬರೆದೆ. ಮಸಿ ಇನ್ನೂ ಒಣಗಿರಲಿಲ್ಲ, ದೂರದ ಗಿರಣಿಯ ಮಧ್ಯಾಹ್ನದ ಕೂಗು ಕೇಳಿತು. ತಲೆಯೆತ್ತಿ ನೋಡಿದೆ. ಗಡಿಯಾರದ ಎರಡೂ ಮುಳ್ಳು ಒಂದರ ಮೇಲೊಂದು ಕೂತಿದ್ದವು. ಹನ್ನೆರಡು.

ಕೆಂಡ ಇನ್ನೂ ಕೆಂಪಗಿತ್ತು. ಮತ್ತೆ ಒಳಗೆ ತಳ್ಳಿ, ಮುಳ್ಳು ಏರಿದ ಮೇಲೆ ಮೊದಲಿಂದ ಎಣಿಸಿದ್ದರೆ ಮುಗಿದುಹೋಗುತ್ತಿತ್ತು. ಬೇಳೆ ಒಂದಿಷ್ಟು ಮೆತ್ತಗಾಗುತ್ತಿತ್ತು, ಅಷ್ಟೆ. ಆದರೆ ಬರೆದದ್ದನ್ನು ಹೊಡೆದು ಹಾಕಬೇಕಿತ್ತು. ಒಂದೂ ಗೀಟಿಲ್ಲದ ಪುಸ್ತಕ ಅದು. ನಾನು ನಿಂತೇ ಇದ್ದೆ. ಮುಳ್ಳು ಸೊನ್ನೆಗಿಳಿದ ಮೇಲೆ ಯಾರೋ ಮುಚ್ಚಳದ ತಿರುಪು ಬಿಚ್ಚಿದರು, ಡಬ್ಬಿಗಳು ತಣ್ಣೀರಿಗೆ ಇಳಿದವು, ಸುಯ್ಯೆಂದವು. ಆಮೇಲೆ ಬಂದ ಮೇಡಂ ಪುಟದ ಕೆಳಗೆ ರುಜು ಹಾಕಿದರು. ಸಂಜೆಗೆ ಪಾರ್ವತಿಗೆ ಹೆಣ್ಣುಮಗು, ಇಬ್ಬರೂ ಚೆನ್ನಾಗಿದ್ದಾರೆ ಎಂದು ಸುದ್ದಿ ಬಂತು. ಎಲ್ಲರೂ ಸಕ್ಕರೆ ತಿಂದರು. ನನ್ನ ಬಾಯಲ್ಲಿ ಅದು ಕರಗಲೇ ಇಲ್ಲ.

ಡಬ್ಬಿಗಳನ್ನು ಹದಿನಾಲ್ಕು ದಿನ ಬೆಚ್ಚಗಿನ ಕೋಣೆಯಲ್ಲಿಟ್ಟು ಉಬ್ಬುತ್ತವೋ ನೋಡುವುದು ನಮ್ಮ ಪದ್ಧತಿ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಆ ಅರವತ್ತು ಡಬ್ಬಿಗಳ ತಲೆ ಬೆರಳಿನಿಂದ ತಟ್ಟಿ ನೋಡುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ. ಮೇಡಂ ಸುಮ್ಮನೆ “ನೀಲಾ” ಅಂದರೂ ಬೆಚ್ಚಿಬೀಳುತ್ತಿದ್ದೆ. ಒಂದೂ ಉಬ್ಬಲಿಲ್ಲ. ಹದಿನಾಲ್ಕನೆಯ ದಿನ ಮೇಡಂ “ಸರಿಯಾಗಿದೆ” ಎಂದು ಬರೆದರು. ನನ್ನ ಪತ್ರದ ಕರಡೂ ಅವತ್ತೇ ಸಿದ್ಧವಾಯಿತು. ಅಬ್ಬಾ, ಗೆದ್ದೆ ಅಂದುಕೊಂಡೆ.

ಮಾರನೆಯ ದಿನ ರುದ್ರಕ್ಕ ಬಂದರು, ಮುಖ ಬೆಳಗುತ್ತಿತ್ತು. ನಾಳೆ ಮಗುವನ್ನು ತೊಟ್ಟಿಲಿಗೆ ಹಾಕುವುದು, ನೆಂಟರೆಲ್ಲ ಬರುತ್ತಾರೆ, ನೀನೂ ಬಾ ಎಂದು ಕರೆದರು. ಆಮೇಲೆ ಮೇಡಂ ಹತ್ತಿರ ಹೋಗಿ, “ಅವತ್ತಿನ ಕೊಪ್ಪರಿಗೇದು ಹತ್ತು ಡಬ್ಬಿ ನಂಗೇ ಬೇಕು. ನನ್ನ ಮೊಮ್ಮಗಳು ಹುಟ್ಟಿದ ಗಳಿಗೇಲಿ ಬೆಂದಿರೋದು. ನೆಂಟರ ಎಲೆಗೆ ಅದೇ ಬೀಳ್ಬೇಕು” ಅಂದರು. ಮೇಡಂ ನಕ್ಕು ಕೊಟ್ಟರು. ರುದ್ರಕ್ಕ ಡಬ್ಬಿಗಳನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಹೋದರು. ಅವರು ಗೇಟು ದಾಟುವವರೆಗೆ ನೋಡುತ್ತಿದ್ದೆ. ಮೊದಲ ದಿನ ಮೇಡಂ ಹೇಳಿದ್ದ ಇನ್ನೊಂದು ಮಾತು ಆಗ ಕಿವಿಯಲ್ಲಿ ಕೂತಿತು: ಉಬ್ಬಿದ ಡಬ್ಬಿ ಕೆಟ್ಟದ್ದು ಅಂತ ಗೊತ್ತಾಗುತ್ತೆ, ಉಬ್ಬದ ಡಬ್ಬಿ ಒಳ್ಳೇದು ಅಂತ ಯಾರೂ ಹೇಳೋಕಾಗಲ್ಲ; ಅದಕ್ಕೇ ನಾವು ಗಡಿಯಾರ ನಂಬೋದು.

ಸಂಜೆ ಪಡುವಾರಹಳ್ಳಿಗೆ ನಡೆದೆ. ರುದ್ರಕ್ಕನ ಮನೆ ಎರಡು ಅಂಕಣದ್ದು. ಹೊಸ ಸುಣ್ಣದ ವಾಸನೆ. ನಡುಮನೆಯಲ್ಲಿ ಖಾಲಿ ತೊಟ್ಟಿಲು, ಅದರ ಪಕ್ಕ ಗೋಡೆಗೆ ಹತ್ತು ಡಬ್ಬಿ ಜೋಡಿಸಿ, ಒಂದೊಂದಕ್ಕೂ ಅರಿಸಿನ ಕುಂಕುಮ ಇಟ್ಟಿದ್ದರು. ಪಾರ್ವತಿ ಒಳಗೆ ಮಲಗಿದ್ದಳು. ಮಗುವಿಗೆ ಲೋಭಾನದ ಹೊಗೆ ಹಾಕಿದ್ದರು, ಎಲ್ಲ ಮಬ್ಬಾಗಿತ್ತು.

“ರುದ್ರಕ್ಕ, ಆ ಡಬ್ಬಿ ತೆಗೀಬೇಡಿ.”

“ಯಾಕವ್ವ?”

ಹೇಳಿದೆ. ಹನ್ನೊಂದು ಮೂವತ್ತೈದು, ಗಿರಣಿಯ ಕೂಗು, ಹನ್ನೆರಡು ಇಪ್ಪತ್ತು, ಎಲ್ಲ. ಇಪ್ಪತ್ತೈದೇ ನಿಮಿಷ ರುದ್ರಕ್ಕ, ಗೊತ್ತಿದ್ದೂ ಹದಿನೈದು ದಿನ ಬಾಯಿ ಬಿಡಲಿಲ್ಲ ಅಂದೆ. ಅಳು ಬಂತು, ಅತ್ತೆ.

ರುದ್ರಕ್ಕ ಬೈಯಲಿಲ್ಲ. ಕೈಯಲ್ಲಿದ್ದ ರುದ್ರಾಕ್ಷಿಯನ್ನು ಹೊಸದಾಗಿ ನೋಡುವಂತೆ ನೋಡಿದರು. “ಒಂಬತ್ತೇ ಆಗಿತ್ತು ಕಣವ್ವ” ಅಂದರು ಮೆಲ್ಲಗೆ. “ನಾನು ಸುಳ್ಳು ಹೇಳ್ಲಿಲ್ಲ. ಒಂದು ಮಣೀನೂ ಬುಡ್ಲಿಲ್ಲ.”

“ಗೊತ್ತು ರುದ್ರಕ್ಕ. ನೋಡಬೇಕಾಗಿದ್ದೋಳು ನಾನು.”

“ಅವತ್ತು ಕೈ ಓಡ್ತಿತ್ತು. ಮಣಿ ಕೊಪ್ಪರಿಗೇಗಲ್ಲ, ಇವಳಿಗೆ ಓಡ್ತಿತ್ತು.” ಒಳಗಿನ ಕೋಣೆಯ ಕಡೆ ಕಣ್ಣು ತೋರಿಸಿದರು. ತೊಟ್ಟಿಲ ಪಕ್ಕ ಕೂತು ಅಂದರು: “ಒಂದು ಮಗೀನ ಕಳ್ಕೊಂಡಿದ್ದೇ ಕಾಯಿಸದೇ ಇರೋ ಕುಡುಗೋಲಿಗೆ. ಈ ಮಗೀನ ತೊಟ್ಲಿಗೆ ಬಂದೋರಿಗೆ ನಾನೇ ಬಡಿಸ್ತಿದ್ನಲ್ಲವ್ವ.”

ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿದೆ. ಆಮೇಲೆ ರುದ್ರಕ್ಕ ಎದ್ದರು, ಡಬ್ಬಿಗಳ ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಒಂದೊಂದಾಗಿ ಒರೆಸಿ ಬುಟ್ಟಿಗೆ ಹಾಕಿದರು. ನೆನೆಹಾಕುವುದಕ್ಕೆ ಅವರೆಕಾಳು ಬೇಕೆಂದು ಪಕ್ಕದ ಮನೆಗೆ ಹೇಳಿ ಕಳಿಸಿದರು. “ಬೆಳಿಗ್ಗೆ ಬೇಗ ಬಾ. ಅಷ್ಟು ಬೇಳೆ ಹಿತುಕೋಕೆ ನಂಗೊಬ್ಬಳಿಗೇ ಆಗಕ್ಕಿಲ್ಲ” ಅಂದರು.

ಅಲ್ಲಿಂದ ನೇರ ಬುಟ್ಟಿ ಹಿಡಿದು ಮೇಡಂ ಮನೆಗೆ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು. “ಹೇಳಿದ್ದು ಒಳ್ಳೇದಾಯ್ತು. ಆದರೆ ಈ ವರ್ಷ ನಾನು ಪತ್ರ ಬರೆಯೋಕಾಗಲ್ಲ ನೀಲಾ. ನೋಡದೇ ಇರೋ ಗಂಟೆಯನ್ನ ನೀನು ಬರೆದಿದ್ದೀಯ. ಪ್ರಯೋಗಾಲಯದಲ್ಲಿ ಅದೊಂದನ್ನ ಮಾತ್ರ ಕ್ಷಮಿಸಲ್ಲ” ಅಂದರು. ದನಿ ಎತ್ತರಿಸಲಿಲ್ಲ. ಮಾಡಿದ್ದುಣ್ಣೋ ಮಹರಾಯ. ಮನೆಗೆ ಬಂದು ಅಪ್ಪನಿಗೆ ಸೀಟಿಲ್ಲ ಅಂದೆ. ಅವರು ಜಾತಕದ ಕಟ್ಟು ಮತ್ತೆ ಬಿಚ್ಚಿದರು. ನನ್ನ ಪುಣ್ಯ, ಆ ವರ್ಷ ಒಂದೂ ಕೂಡಿಬರಲಿಲ್ಲ.

ತೊಟ್ಟಿಲ ದಿನ ಬೆಳಿಗ್ಗೆ ಹೆಬ್ಬೆರಳ ಉಗುರು ಕಪ್ಪಾಗುವವರೆಗೆ ಬೇಳೆ ಹಿತುಕಿದೆ. ಊಟಕ್ಕೆ ಕೂತಾಗ ರುದ್ರಕ್ಕ ಮೊದಲು ನನ್ನ ಎಲೆಗೇ ಸಾರು ಬಡಿಸಿದರು. ಎಲ್ಲರಿಗೂ ಕೇಳುವ ಹಾಗೆ, “ಉಣ್ಣವ್ವ, ಎದುರುಮನೆ ಗಡಿಯಾರ ತಂದಿಟ್ಕೊಂಡು ಬೇಯಿಸಿದ್ದೀನಿ” ಅಂದರು. ನೆಂಟರಿಗೆ ಏನೂ ಅರ್ಥವಾಗಲಿಲ್ಲ. ನಾನು ಸಾರಿನ ಖಾರ ಎಂದು ಕಣ್ಣೊರೆಸಿಕೊಂಡೆ.

ಆ ಅರವತ್ತು ಡಬ್ಬಿಗಳನ್ನು ಮೇಡಂ ಬೇರೆಯಾಗಿ ಬೀಗ ಹಾಕಿ ಇಟ್ಟಿದ್ದರು. ಬೇಸಿಗೆ ನಡುವಿನಲ್ಲಿ ಕರೆದು ತೋರಿಸಿದರು. ಎರಡು ಡಬ್ಬಿಗಳ ತಲೆ ಊದಿಕೊಂಡಿತ್ತು. ರುದ್ರಕ್ಕ ದೂರದಿಂದಲೇ ನೋಡಿ, “ಎದ್ದದೆ ನೋಡು ಬೀಜ” ಅಂದರು. ಅಷ್ಟನ್ನೂ ಮತ್ತೆ ಕೊಪ್ಪರಿಗೆಯಲ್ಲಿ ಬೇಕಾದಷ್ಟು ಹೊತ್ತು ಬೇಯಿಸಿ, ಹಿತ್ತಲಲ್ಲಿ ಆಳವಾದ ಗುಂಡಿ ತೋಡಿಸಿ, ಸುಣ್ಣ ಸುರಿದು ಹೂಳಿಸಿದರು.

ಮುಂದಿನ ಚಳಿಗಾಲ ಮತ್ತೆ ಮಂಜು ಬಂತು, ಅವರೆ ಬಂತು. ರುದ್ರಕ್ಕ ಅದೇ ಮಣೆಯ ಮೇಲೆ ಕೂತರು. ಜಪ ಬಿಟ್ಟಿರಲಿಲ್ಲ. “ಇದು ಶಿವನಿಗೆ. ಒಲೆ ಲೆಕ್ಕ ನಿಂದು” ಅಂದಿದ್ದರು. ನಾನು ಗಡಿಯಾರದಿಂದ ಕಣ್ಣು ಕೀಳುತ್ತಿರಲಿಲ್ಲ. ನಲವತ್ತೈದು ತುಂಬಿ ಬೆಂಕಿ ಎಳೆದ ಮೇಲೆ, ಸುಮ್ಮನೆ ತಮಾಷೆಗೆ, “ಇವತ್ತು ಎಷ್ಟು ಮಾಲೆ ರುದ್ರಕ್ಕ?” ಅಂತ ಕೇಳುತ್ತಿದ್ದೆ. ಮಾಮೂಲಿ ದಿನ ಒಂಬತ್ತು. ಮೊಮ್ಮಗಳಿಗೆ ಜ್ವರ ಬಂದ ದಿನ ಹದಿಮೂರು. ಅದು ಮೊದಲ ಹೆಜ್ಜೆ ಇಟ್ಟ ಮಾರನೆಯ ದಿನ ಹತ್ತು. ಮಗಳು ಅದನ್ನು ಎತ್ತಿಕೊಂಡು ಊರಿಗೆ ಹೊರಟ ದಿನ ಆರೇ. ಮಾತಿಲ್ಲದೆಯೇ ಅವರ ಮನಸ್ಸು ನನಗೆ ತಿಳಿಯುತ್ತಿತ್ತು. ಬೆಂಕಿಗೊಂದು ಗಡಿಯಾರ, ಅವರಿಗೊಂದು.

ಆ ಅವರೆ ಕಾಲದ ಕೊನೆಗೆ ಮೇಡಂ ಪತ್ರ ಬರೆದುಕೊಟ್ಟರು, ಸೀಟು ಸಿಕ್ಕಿತು. ಷೆಡ್ಡಿನಲ್ಲಿ ನನ್ನ ಕೊನೆಯ ದಿನ. ಮಂಜು ಸರಿದು ಎಳೆಬಿಸಿಲು ಒಲೆಯವರೆಗೂ ಬಂದಿತ್ತು. ರುದ್ರಕ್ಕ ಎಂದಿನಂತೆ ಕಣ್ಣು ಮುಚ್ಚಿ ಕೂತಿದ್ದರು. ಮಣಿ ಒಂದೊಂದಾಗಿ ಬೆರಳ ಮೇಲೆ ಜಾರುತ್ತಿತ್ತು. ಒಂದಾದ ಮೇಲೆ ಒಂದು, ನಡುವೆ ಬಹಳ ಹೊತ್ತು. ನಲವತ್ತೈದು ತುಂಬಿತು. ಬೆಂಕಿ ಎಳೆದರು. ನಾನು ಗಂಟೆ ನೋಡಿ ಬರೆದು, ಪುಸ್ತಕ ಮುಚ್ಚಿ ಕೇಳಿದೆ.

“ಇವತ್ತು ಎಷ್ಟು ರುದ್ರಕ್ಕ?”

ಅವರು ಕಣ್ಣು ತೆರೆಯಲಿಲ್ಲ.

“ನಾಕು ಕಣವ್ವ” ಅಂದರು.